ಬಲಕ್ಕೆ ಸರಿಸಿದ ಮಾತ್ರಕ್ಕೆ ಅರಬ್ಬಿಯಾಗದು

ಅರಬ್ಬಿ ಓದಲು ಬಾರದವರೂ ಕೆಟ್ಟುಹೋದ ಅರಬ್ಬಿಯನ್ನು ಗುರುತು ಹಿಡಿಯಬಹುದು. ಅದರ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹಲವು ಭಾಷೆಗಳಿರುವ ಯಾವುದಾದರೂ ಫಲಕವನ್ನೋ ಕರಪತ್ರವನ್ನೋ ನೋಡಿ. ಅಲ್ಲಿ ಅರಬ್ಬಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತಿದ್ದರೆ, ಅದನ್ನು ಅಚ್ಚಿಗೆ ಕೊಟ್ಟವರಿಗೆ ಅರಬ್ಬಿ ಗೊತ್ತಿರಲಿಲ್ಲ, ಅವರು ಬಳಸಿದ ತಂತ್ರಾಂಶಕ್ಕೂ ಗೊತ್ತಿರಲಿಲ್ಲ ಎಂದು ಲೆಕ್ಕ. ಬಹಳಷ್ಟು ಸಲ ಆ ಪದ ಹಿಂದುಮುಂದೂ ಆಗಿರುತ್ತದೆ. ನಮ್ಮಲ್ಲಿ ಇದು ಹೇಗಿರುತ್ತಿತ್ತು? ‘ಕನ್ನಡ’ ಎಂಬ ಪದ ‘ಡ ನ ನ್ ಕ’ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿ ಗೋಡೆ ಮೇಲೆ ಕೂತ ಹಾಗೆ. ನೀವು ಮೊದಲು ನಗುತ್ತೀರಿ, ಆಮೇಲೆ ಸಿಟ್ಟಾಗುತ್ತೀರಿ.

ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಆಗಿವೆ. ಅಕ್ಷರ ಕೂಡಿಲ್ಲ, ಸಾಲು ತಿರುಗಿಲ್ಲ. ಎರಡಕ್ಕೂ ಕಾರಣಗಳು ಬೇರೆಬೇರೆ. ಬಹಳ ಜನ ಎರಡನ್ನೂ ಬೆರೆಸಿ ‘ಅರಬ್ಬಿ ಉಲ್ಟಾ ಲಿಪಿ, ಅದಕ್ಕೇ ಕಷ್ಟ’ ಎಂದು ಮುಗಿಸಿಬಿಡುತ್ತಾರೆ. ಬಲದಿಂದ ಎಡಕ್ಕೆ ಬರೆಯುವುದು ಮಾತ್ರವೇ ಆಗಿದ್ದರೆ ಕೆಲಸ ಸುಲಭವಿತ್ತು, ಕನ್ನಡಿ ಹಿಡಿದರೆ ಸಾಕಿತ್ತು.

ಮೊದಲು ಕೂಡುವುದರ ವಿಷಯ. ರೋಮನ್ ಲಿಪಿಯಲ್ಲಿ ಅಕ್ಷರಗಳನ್ನು ಕೂಡಿಸಿ ಬರೆಯುವುದು ಬರೆಯುವವರ ಇಷ್ಟ. ಅರಬ್ಬಿಯಲ್ಲಿ ಅದು ಇಷ್ಟದ ಮಾತಲ್ಲ, ಅಚ್ಚಿನಲ್ಲೂ ಕೂಡಲೇಬೇಕು. ಮೂಲ ಅಕ್ಷರಗಳು 28. ಒಂದೊಂದಕ್ಕೂ ಬಿಡಿಯಾಗಿ ನಿಂತಾಗ ಒಂದು ರೂಪ, ಪದದ ಮೊದಲಲ್ಲಿ ಒಂದು, ನಡುವೆ ಒಂದು, ಕೊನೆಗೆ ಒಂದು. ಹಕಾರದ ನಾಲ್ಕು ರೂಪಗಳನ್ನು ಪಕ್ಕಪಕ್ಕ ಇಟ್ಟರೆ ಅವು ಒಂದೇ ಅಕ್ಷರ ಎಂದು ನೀವು ನಂಬುವುದಿಲ್ಲ. ಅಲಿಫ್, ದಾಲ್, ರಾ, ವಾವ್ ಮೊದಲಾದ ಆರು ಅಕ್ಷರಗಳು ಮಾತ್ರ ಹಿಂದಿನ ಅಕ್ಷರದ ಕೈ ಹಿಡಿಯುತ್ತವೆ, ಮುಂದಿನದಕ್ಕೆ ಕೈ ಕೊಡುವುದಿಲ್ಲ. ಲಾಮ್ ಆದಮೇಲೆ ಅಲಿಫ್ ಬಂದರೆ ಎರಡೂ ಸೇರಿ ಹೊಸದೇ ಒಂದು ಆಕಾರ ತಾಳಬೇಕು.

ಒತ್ತಕ್ಷರ ಬರೆದು ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ನಾವು ನಕಾರ, ಹಲಂತ, ನಕಾರ ಒತ್ತುತ್ತೇವೆ, ತೆರೆಯ ಮೇಲೆ ‘ನ್ನ’ ಮೂಡುತ್ತದೆ. ಕಂಪ್ಯೂಟರಿನಲ್ಲಿ ಉಳಿಯುವುದು ಒತ್ತಿದ ಕ್ರಮ, ಕಾಣುವ ಆಕಾರವನ್ನು ಬೇರೊಂದು ತಂತ್ರಾಂಶ ಆ ಕ್ಷಣದಲ್ಲಿ ಕಟ್ಟುತ್ತದೆ. ಈ ಕೆಲಸ ಮಾಡುವ ಒಂದು ಪ್ರಸಿದ್ಧ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಇಂಗ್ಲಿಷ್ ಹೆಸರಿನ ಹಾಗೆ ಕೇಳಿಸುತ್ತದೆ, ಆದರೆ ಅದು ಪಾರಸಿ. ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ‘ಓಪನ್‌ಟೈಪ್’ ಎಂಬ ಫಾಂಟ್ ತಂತ್ರಜ್ಞಾನದ ಹೆಸರನ್ನೇ ಪಾರಸಿ ಮಾಡಿಕೊಂಡಿದ್ದಾರೆ. ಅದನ್ನು ಬೆಳೆಸಿದವರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್. ನೀವು ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದುವಾಗ ಒತ್ತಕ್ಷರಗಳನ್ನು ಜೋಡಿಸಿ ಕೊಡುತ್ತಿರುವುದೂ ಅದೇ.

ಈ ಜೋಡಿಸುವ ಕೆಲಸ ಎಷ್ಟು ನಾಜೂಕು ಎಂಬುದಕ್ಕೆ ಸ್ವಲ್ಪ ದಾರಿ ತಪ್ಪಿ ಒಂದು ಮಾತು. 2015ರಲ್ಲಿ ಅರಬ್ಬಿ ಅಕ್ಷರಗಳಿದ್ದ ಒಂದು ಸಂದೇಶ ಹರಿದಾಡಿತು. ಅದು ಬಂದು ಬಿದ್ದರೆ ಸಾಕು, ಐಫೋನ್ ತಾನಾಗಿ ಆರಿ ಮತ್ತೆ ಶುರುವಾಗುತ್ತಿತ್ತು. 2018ರಲ್ಲಿ ತೆಲುಗಿನ ‘ಜ್ಞಾ’ದ ಒಂದು ಜೋಡಣೆ ಅದೇ ಬಗೆಯ ಹಾವಳಿ ಮಾಡಿತು. ಅಕ್ಷರ ಬರೆಯಲು ಹೋಗಿ ಫೋನೇ ಬಿದ್ದುಹೋಯಿತು! ಎರಡನ್ನೂ ಸರಿಪಡಿಸಿದರು, ಆ ಮಾತು ಬೇರೆ.

ವರ್ಡ್ ಪ್ರೊಸೆಸರಿನಲ್ಲಿ, ಅಂದರೆ ಬರಹವನ್ನು ಟೈಪ್ ಮಾಡಿ ಜೋಡಿಸುವ ತಂತ್ರಾಂಶದಲ್ಲಿ, ಈ ಜೋಡಣೆ ಎಲ್ಲೆಲ್ಲಿ ಮುರಿಯುತ್ತದೆ? ಪದದ ನಡುವಿನ ಒಂದೇ ಅಕ್ಷರಕ್ಕೆ ಕೆಂಪು ಬಣ್ಣ ಕೊಟ್ಟು ನೋಡಿ. ಬಣ್ಣ ಬದಲಾದಲ್ಲಿ ತಂತ್ರಾಂಶ ಬರಹವನ್ನು ತುಂಡು ಮಾಡುತ್ತದೆ. ಒಂದೊಂದು ತುಂಡನ್ನೂ ಬೇರೆಬೇರೆ ಜೋಡಿಸಿದರೆ ನಡುವಿನ ಅಕ್ಷರಕ್ಕೆ ತಾನು ನಡುವಿನದೆಂದು ತಿಳಿಯುವುದೇ ಇಲ್ಲ, ಒಂಟಿ ರೂಪ ತಾಳಿ ನಿಲ್ಲುತ್ತದೆ. ಮಕ್ಕಳಿಗೆ ಅಕ್ಷರ ಕಲಿಸುವ ಪಾಠ ತಯಾರಿಸುವವರಿಗೆ ಬೇಕಾದದ್ದೇ ಇದು, ಕೈಕೊಡುವುದೂ ಇಲ್ಲೇ. ಇನ್ನು ಶೀರ್ಷಿಕೆ ಅಂದ ಕಾಣಲಿ ಎಂದು ಅಕ್ಷರಗಳ ನಡುವೆ ಜಾಗ ಹೆಚ್ಚಿಸುವ ಅಭ್ಯಾಸ ವಿನ್ಯಾಸಕಾರರಿಗೆ ಇದೆ. ಕೂಡಿದ ಲಿಪಿಯಲ್ಲಿ ಜಾಗ ಬಿಟ್ಟರೆ ಪದ ಒಡೆಯುತ್ತದೆ. ಅಲ್ಲಿನ ಪದ್ಧತಿ ಬೇರೆ, ಅಕ್ಷರಗಳ ನಡುವಿನ ಕೂಡುಗೆರೆಯನ್ನೇ ಎಳೆಯುತ್ತಾರೆ. ಅದಕ್ಕೆ ಕಶೀದಾ ಎಂದು ಹೆಸರು. ಸಾಲನ್ನು ಎರಡೂ ಅಂಚಿಗೆ ಸಮನಾಗಿ ಕೂರಿಸುವಾಗ ಪದಗಳ ನಡುವೆ ಜಾಗ ತುಂಬುವ ಬದಲು ಈ ಗೆರೆಯನ್ನು ಉದ್ದ ಮಾಡುವುದು ಹಳೆಯ ಕ್ರಮ. ಒಳ್ಳೆಯ ವರ್ಡ್ ಪ್ರೊಸೆಸರುಗಳು ಅದನ್ನು ತಾವೇ ಮಾಡುತ್ತವೆ. ಮಾಡದಿದ್ದಲ್ಲಿ ಜನ ಕಶೀದಾ ಅಕ್ಷರವನ್ನು ಕೈಯಿಂದ ಒತ್ತಿ ಒತ್ತಿ ಪದ ಉದ್ದ ಮಾಡುತ್ತಾರೆ, ಆಮೇಲೆ ಆ ಪದ ಹುಡುಕಿದರೆ ಸಿಗುವುದಿಲ್ಲ. ಪದದ ನಡುವೆ ಬೇರೆ ಅಕ್ಷರಗಳು ಸೇರಿಬಿಟ್ಟಿವೆಯಲ್ಲ.

ಈಗ ದಿಕ್ಕಿನ ಮಾತು. ಶುರುವಿನ ದಿನಗಳಲ್ಲಿ ಅರಬ್ಬಿಯನ್ನೂ ಹೀಬ್ರೂವನ್ನೂ ಎಷ್ಟೋ ಕಡೆ ಕಾಣುವ ಕ್ರಮದಲ್ಲೇ ಇಡುತ್ತಿದ್ದರು. ಎಡದಿಂದ ಬಲಕ್ಕೆ ಮಾತ್ರ ಬರೆಯಬಲ್ಲ ಯಂತ್ರಕ್ಕೆ ಪದವನ್ನು ತಿರುಗಿಸಿ ಉಣಿಸಿದರೆ ತೆರೆಯ ಮೇಲೆ ಸರಿಯಾಗಿ ಕಾಣುತ್ತದೆ ಎಂಬ ಉಪಾಯ. ಒಂದೇ ಸಾಲು ಇರುವವರೆಗೆ ಇದು ನಡೆಯುತ್ತದೆ. ಎರಡು ಸಾಲಾಯಿತೋ, ಕೆಟ್ಟಿತು. ಏಕೆ ಗೊತ್ತೆ? ಇಡೀ ವಾಕ್ಯವನ್ನು ತಿರುಗಿಸಿಟ್ಟರೆ ಅದರ ಕೊನೆಯ ಪದ ಫೈಲಿನ ಮೊದಲಲ್ಲಿರುತ್ತದೆ. ತಂತ್ರಾಂಶ ಮೊದಲಿಂದ ಎಣಿಸುತ್ತಾ ಬಂದು ಅಂಚು ಮುಟ್ಟಿದಲ್ಲಿ ಸಾಲು ಮುರಿಯುತ್ತದೆ. ವಾಕ್ಯದ ಕೊನೆ ಮೇಲಿನ ಸಾಲಿಗೂ ಮೊದಲು ಕೆಳಗಿನ ಸಾಲಿಗೂ ಬೀಳುತ್ತದೆ. ಓದುವವರು ಕೆಳಗಿಂದ ಮೇಲಕ್ಕೆ ಓದಬೇಕು. ವಿನ್ಯಾಸದ ತಂತ್ರಾಂಶಗಳಿಗೆ ತಿರುಗಿಸಿದ ಅರಬ್ಬಿ ಅಂಟಿಸುವವರಿಗೆ ಈ ಶಿಕ್ಷೆ ಇಂದಿಗೂ ತಪ್ಪಿಲ್ಲ. ಅಳತೆ ಸ್ವಲ್ಪ ಬದಲಾಯಿಸಿದರೆ ಸಾಕು, ಸಾಲು ಬೇರೆ ಕಡೆ ಮುರಿದು ಎಲ್ಲವನ್ನೂ ಮತ್ತೆ ಕೈಯಿಂದ ಜೋಡಿಸಬೇಕು.

ಸರಿಯಾದ ದಾರಿ ಹೊಸದೇನಲ್ಲ. ಜೆರಾಕ್ಸ್ ಸಂಸ್ಥೆಯ ಜೋಸೆಫ್ ಬೆಕರ್, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಮಾನದಂಡದ ಪ್ರಸ್ತಾವವನ್ನು ಮುಂದೆ ಬರೆದವರು, 1987ರಲ್ಲೇ ಅರಬ್ಬಿಯ ಪದಸಂಸ್ಕರಣೆ ಕುರಿತು ಲೇಖನ ಪ್ರಕಟಿಸಿದ್ದರು. ಅದೇ ವರ್ಷ ಡೊನಾಲ್ಡ್ ಕ್ನೂತ್ ಮತ್ತು ಪಿಯರ್ ಮೆಕೇ ಎರಡೂ ದಿಕ್ಕಿನ ಬರಹವನ್ನು ಟೆಕ್ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಬೆರೆಸುವುದು ಹೇಗೆಂದು ಬರೆದರು. ಇಂದು ಯೂನಿಕೋಡ್ ಒಪ್ಪಿಕೊಂಡಿರುವ ದಾರಿ ಇಷ್ಟು: ಬರಹವನ್ನು ಓದುವ ಕ್ರಮದಲ್ಲಿ ಇಡು, ಆ ಕ್ರಮದಲ್ಲೇ ಸಾಲು ಮುರಿ, ಆಮೇಲೆ ಒಂದೊಂದು ಸಾಲನ್ನೂ ತೋರಿಸುವಾಗ ಮಾತ್ರ ತಿರುಗಿಸು. ಇಷ್ಟು ಸರಳವಾದದ್ದು ಎಲ್ಲ ತಂತ್ರಾಂಶಗಳಿಗೂ ತಲುಪಲು ಎಷ್ಟು ಕಾಲ ಬೇಕಾಯಿತು ನೋಡಿ. ಮ್ಯಾಕ್ ಕಂಪ್ಯೂಟರಿಗೆ ಬಂದ ಮೈಕ್ರೋಸಾಫ್ಟ್ ವರ್ಡ್‌ನ 2011ರ ಆವೃತ್ತಿಗೂ ಬಲದಿಂದ ಎಡದ ಬರಹ ಸರಿಯಾಗಿ ಬರುತ್ತಿರಲಿಲ್ಲ. ಅದೇ ಯಂತ್ರದ ಮಿಕ್ಕ ಸಣ್ಣಪುಟ್ಟ ತಂತ್ರಾಂಶಗಳು ಅರಬ್ಬಿಯನ್ನು ಚೆನ್ನಾಗಿ ತೋರಿಸುತ್ತಿದ್ದವು. ಆ ದಿನಗಳಲ್ಲಿ ಅರಬ್ಬಿ, ಹೀಬ್ರೂ ಬರೆಯುವ ಮ್ಯಾಕ್ ಬಳಕೆದಾರರು ಮೆಲ್ಲೆಲ್, ನೈಸಸ್ ಎಂಬ ಬೇರೆ ವರ್ಡ್ ಪ್ರೊಸೆಸರುಗಳನ್ನು ಇಟ್ಟುಕೊಳ್ಳುತ್ತಿದ್ದರು.

ತಿರುಗಿಸುವುದು ಎಂದೆ. ಏನನ್ನು ತಿರುಗಿಸಬೇಕು? ಕಷ್ಟ ಶುರುವಾಗುವುದು ಇಲ್ಲಿ. ಅರಬ್ಬಿ ವಾಕ್ಯದೊಳಗೆ ಇಂಗ್ಲಿಷ್ ಹೆಸರು ಬರುತ್ತದೆ, ಸಂಖ್ಯೆ ಬರುತ್ತದೆ, ಆವರಣ ಚಿಹ್ನೆ ಬರುತ್ತದೆ. ಅರಬ್ಬಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ, ಸಂಖ್ಯೆಗಳು ಮಾತ್ರ ನಮ್ಮ ಹಾಗೆಯೇ, ದೊಡ್ಡ ಸ್ಥಾನ ಎಡಕ್ಕೆ. ಬಾಯಲ್ಲಿ 25 ಎನ್ನುವಾಗ ಅವರು ‘ಐದು ಮತ್ತು ಇಪ್ಪತ್ತು’ ಎನ್ನುತ್ತಾರೆ, ಬರಹದಲ್ಲಿ 2 ಎಡಕ್ಕೇ ಇರುತ್ತದೆ. ಅಂಕಿಯ ಮಾತು ಬಂದದ್ದಕ್ಕೆ ಇನ್ನೊಂದು ತಮಾಷೆ. ನಾವು ಇಂಗ್ಲಿಷ್ ಅಂಕಿ ಎನ್ನುವುದನ್ನು ಯುರೋಪಿನವರು ಅರಬ್ಬಿ ಅಂಕಿ ಎನ್ನುತ್ತಾರೆ. ಅರಬ್ಬರು ತಮ್ಮ ಅಂಕಿಗಳನ್ನು ಹಿಂದೀ ಅಂಕಿ, ಅಂದರೆ ಭಾರತದ ಅಂಕಿ ಎನ್ನುತ್ತಾರೆ. ಮೈಕ್ರೋಸಾಫ್ಟ್ ವರ್ಡ್‌ನ ಆಯ್ಕೆಗಳಲ್ಲಿ ಅಂಕಿಯ ರೂಪಕ್ಕೆ ‘ಅರೇಬಿಕ್’, ‘ಹಿಂದಿ’ ಎಂದು ಎರಡು ಹೆಸರುಗಳಿವೆ. ‘ಹಿಂದಿ’ ಆರಿಸಿದರೆ ಬರುವುದು ದೇವನಾಗರಿ ಅಂಕಿಯಲ್ಲ, ಅರಬ್ ದೇಶಗಳ ಅಂಕಿ! ಈ ಆಯ್ಕೆ ಫೈಲಿನದಲ್ಲ, ನಿಮ್ಮ ಯಂತ್ರದ್ದು. ಹಾಗಾಗಿ ನೀವು ಕಳಿಸಿದ ಫೈಲಿನ ಅಂಕಿಗಳು ಇನ್ನೊಬ್ಬರ ತೆರೆಯಲ್ಲಿ ಬೇರೆಯಾಗಿ ಕಾಣಬಹುದು.

ಮರಳಿ ಬರೋಣ. ಯೂನಿಕೋಡಿನ ದ್ವಿಮುಖ ನಿಯಮಾವಳಿ ಅಕ್ಷರಗಳನ್ನು ಅವುಗಳ ಸ್ವಭಾವದ ಮೇಲೆ ವಿಂಗಡಿಸುತ್ತದೆ. ಇಂಗ್ಲಿಷ್, ಕನ್ನಡ, ಅರಬ್ಬಿ ಅಕ್ಷರಗಳು ಹಟಮಾರಿಗಳು, ತಮ್ಮ ದಿಕ್ಕು ಬಿಡುವುದಿಲ್ಲ. ಅಂಕಿಗಳು ಅರೆಹಟದವು. ಜಾಗ, ಆಶ್ಚರ್ಯಸೂಚಕ, ಆವರಣ ಮೊದಲಾದವಕ್ಕೆ ಸ್ವಂತ ದಿಕ್ಕಿಲ್ಲ, ಅಕ್ಕಪಕ್ಕದವರು ಹೋದ ಕಡೆಗೆ ಹೋಗುತ್ತವೆ. ಅಕ್ಕಪಕ್ಕದವರು ಬೇರೆಬೇರೆ ದಿಕ್ಕಿನವರಾದರೆ? ಆಗ ಪ್ಯಾರಾದ ದಿಕ್ಕೇ ಅದರ ದಿಕ್ಕು. ಪ್ರೋಗ್ರಾಮಿಂಗ್ ಭಾಷೆಯಾದ ‘ಸಿ++’ನ ಹೆಸರಿನಿಂದ ಅರಬ್ಬಿ ವಾಕ್ಯ ಮುಗಿದರೆ ಆ ಎರಡು ಕೂಡು ಚಿಹ್ನೆಗಳು ಆಚೆ ಬದಿಗೆ ಜಿಗಿದು ‘++ಸಿ’ ಎಂದು ಕಾಣುವುದು ಇದರಿಂದಲೇ. ಆವರಣದ ಗೋಳೂ ಇಂಥದ್ದೇ. ತೆರೆಯುವ ಚಿಹ್ನೆ ಒಂದು ಕಡೆ, ಮುಚ್ಚುವ ಚಿಹ್ನೆ ಇನ್ನೊಂದು ಕಡೆ ಹಾರುತ್ತಿತ್ತು. ಆವರಣಗಳನ್ನು ಜೋಡಿಯಾಗಿ ನೋಡು ಎಂಬ ನಿಯಮ ಬಂದದ್ದು 2013ರ ಯೂನಿಕೋಡ್ 6.3ರಲ್ಲಿ. ಅದನ್ನು ಅಳವಡಿಸಿಕೊಳ್ಳದ ತಂತ್ರಾಂಶದಲ್ಲಿ ಹಾರಾಟ ನಿಂತಿಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ ಫೋನ್ ನಂಬರಿನದು. ಎರಡು ಭಾಷೆಯ ಒಂದು ಕೈಪಿಡಿಯನ್ನು ತಿದ್ದುತ್ತಿದ್ದೆ. ಇಂಗ್ಲಿಷ್ ಪುಟದಲ್ಲಿ 555-1234 ಎಂದಿತ್ತು, ಅರಬ್ಬಿ ಪುಟದಲ್ಲಿ 1234-555. ಟೈಪ್ ಮಾಡಿದವರು ತಪ್ಪು ಮಾಡಿದ್ದಾರೆ ಎಂದುಕೊಂಡು ತಿದ್ದಿದೆ, ಈಗ ಕಂಡದ್ದು ಸರಿಯಾಯಿತು. ಆ ಅಂಕಿಯನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ 1234-555! ಸರಿಯಿದ್ದುದನ್ನು ನಾನೇ ಕೆಡಿಸಿದ್ದೆ. ನಡೆದದ್ದು ಇಷ್ಟು. ಅರಬ್ಬಿ ಅಕ್ಷರದ ನಂತರ ಬರುವ ಸಂಖ್ಯೆಗಳ ನಡುವೆ ಅಡ್ಡಗೆರೆ ಇದ್ದರೆ ನಿಯಮಾವಳಿ ಅವನ್ನು ಎರಡು ಬೇರೆ ಸಂಖ್ಯೆಗಳೆಂದು ಎಣಿಸಿ ಬಲದಿಂದ ಎಡಕ್ಕೆ ಜೋಡಿಸುತ್ತದೆ. ಜಾಗ ಬಿಟ್ಟರೂ ಹಾಗೆಯೇ. ಓರೆಗೆರೆ, ಚುಕ್ಕೆ, ವಿವರಣಚಿಹ್ನೆ ಇದ್ದರೆ ಮಾತ್ರ ಒಂದೇ ಸಂಖ್ಯೆಯೆಂದು ಬಗೆದು ಹಾಗೇ ಬಿಡುತ್ತದೆ. ಹಾಗಾಗಿ 12/05 ಉಳಿಯಿತು, 10:30 ಉಳಿಯಿತು, 555-1234 ಕೆಟ್ಟಿತು. ದೇಶದ ಸಂಕೇತದ ಮುಂದಿನ ಕೂಡು ಚಿಹ್ನೆಯೂ ಸಂಖ್ಯೆಯ ಬಲಕ್ಕೆ ಹೋಗಿ ಕೂರುತ್ತದೆ.

ಇದು ಬರೀ ತಪ್ಪೇ ಎಂದು ಕೇಳಿದರೆ, ಅಲ್ಲ. ‘ಪುಟ 10-20 ನೋಡಿ’ ಎಂದು ಅರಬ್ಬಿಯಲ್ಲಿ ಬರೆದಿರಿ ಎನ್ನಿ. ಓದುವವರ ಕಣ್ಣು ಬಲದಿಂದ ಬರುತ್ತಿದೆ, ಅವರಿಗೆ ಮೊದಲು 10 ಸಿಗಬೇಕು, ಆಮೇಲೆ 20. ತೆರೆಯ ಮೇಲೆ 20-10 ಎಂದು ಕಂಡರೇ ಅದು ಸರಿ. ಪುಟಗಳ ವ್ಯಾಪ್ತಿಯನ್ನು ಕಾಪಾಡುವ ನಿಯಮವೇ ಫೋನ್ ನಂಬರನ್ನು ಕೊಲ್ಲುತ್ತದೆ. ಇದು ವ್ಯಾಪ್ತಿಯೋ ನಂಬರೋ ಎಂದು ಅಡ್ಡಗೆರೆಯನ್ನು ನೋಡಿ ಯಾವ ಯಂತ್ರವೂ ಹೇಳಲಾರದು, ಬರೆದವರೇ ಹೇಳಬೇಕು. ಹೇಳಲು ಕಣ್ಣಿಗೆ ಕಾಣದ ಅಕ್ಷರಗಳಿವೆ. ‘ಎಡದಿಂದ ಬಲದ ಗುರುತು’ ಎಂಬ ಒಂದನ್ನು ನಂಬರಿನ ಮುಂದೆ ಇಟ್ಟರೆ ಅದು ಕಾಣದ ಇಂಗ್ಲಿಷ್ ಅಕ್ಷರದ ಹಾಗೆ ಕೆಲಸ ಮಾಡಿ ನಂಬರನ್ನು ಹಿಡಿದು ನಿಲ್ಲಿಸುತ್ತದೆ. ಒಂದು ತುಂಡನ್ನು ಪೂರ್ತಿ ಬೇಲಿ ಹಾಕಿ ಪ್ರತ್ಯೇಕಿಸುವ ಗುರುತುಗಳೂ 2013ರಲ್ಲಿ ಬಂದಿವೆ. ಆದರೆ ಇವು ಮಾಮೂಲಿ ಕೀಲಿಮಣೆಯಲ್ಲಿ ಎದ್ದು ಕಾಣುವುದಿಲ್ಲ, ಮೆನುವಿನ ಮೂಲೆಯಲ್ಲಿ ಅಡಗಿರುತ್ತವೆ. ಕಾಣದ ಅಕ್ಷರವನ್ನು ಕಾಣದ ಕಡೆ ಇಟ್ಟಿದ್ದಾರೆ, ಬಳಸುವವರು ಎಲ್ಲಿಂದ ಬರಬೇಕು?

ಕಾಣದ ಅಕ್ಷರ ನಮಗೇನೂ ಹೊಸದಲ್ಲ. ‘ಸಾಫ್ಟ್‌ವೇರ್’ ಎಂಬ ಪದವನ್ನು ಕನ್ನಡದಲ್ಲಿ ಟೈಪ್ ಮಾಡಿ. ಟಕಾರದ ಕೆಳಗೆ ವಒತ್ತು ಬಂದು ಕೂರದ ಹಾಗೆ ನಡುವೆ ಒಂದು ಕಾಣದ ಅಕ್ಷರ ಸೇರಿಸುತ್ತೇವಲ್ಲ, ಪಾರಸಿಯವರೂ ಅದನ್ನೇ ದಿನಕ್ಕೆ ನೂರು ಸಲ ಬಳಸುತ್ತಾರೆ. ಕ್ರಿಯಾಪದದ ಮುಂದೆ ಬರುವ ‘ಮೀ’ ಎಂಬುದು ಮುಂದಿನ ಅಕ್ಷರಕ್ಕೆ ಅಂಟಬಾರದು, ಹಾಗೆಂದು ಬೇರೆ ಪದವೂ ಆಗಬಾರದು. ಅವರು ಇದನ್ನು ಅರೆಜಾಗ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದರ ಬದಲು ಪೂರ್ತಿ ಜಾಗ ಬಿಟ್ಟರೆ ಸಾಲಿನ ಕೊನೆಯಲ್ಲಿ ‘ಮೀ’ ಒಂದೇ ಉಳಿದು ಕ್ರಿಯಾಪದ ಕೆಳಗಿಳಿಯುತ್ತದೆ.

ಇನ್ನು ನಾನು ಇವತ್ತು ಒತ್ತಿ ಹೇಳಬೇಕೆಂದು ಬಂದ ಮಾತು. ವರ್ಡ್ ಪ್ರೊಸೆಸರಿನಲ್ಲಿ ಬರಹವನ್ನು ಬಲ ಅಂಚಿಗೆ ಸರಿಸುವ ಗುಂಡಿ ಬೇರೆ, ಪ್ಯಾರಾದ ದಿಕ್ಕು ಬದಲಿಸುವ ಗುಂಡಿ ಬೇರೆ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಎಷ್ಟೋ ತಂತ್ರಾಂಶಗಳಲ್ಲಿ ಬಲದಿಂದ ಎಡದ ಭಾಷೆಯೊಂದನ್ನು ಸೇರಿಸಿಕೊಂಡ ಮೇಲಷ್ಟೇ ಕಾಣಿಸುತ್ತದೆ. ಹಾಗಾಗಿ ಜನ ಮೊದಲನೆಯದನ್ನು ಒತ್ತಿ ಕೆಲಸವಾಯಿತು ಎಂದುಕೊಳ್ಳುತ್ತಾರೆ. ಬರಹ ಬಲಕ್ಕೆ ಹೋಯಿತು, ಸರಿಯಾದ ಹಾಗೇ ಕಾಣುತ್ತದೆ. ಆದರೆ ಪ್ಯಾರಾ ಇನ್ನೂ ತಾನು ಎಡದಿಂದ ಬಲದ್ದೆಂದೇ ನಂಬಿದೆ. ವಾಕ್ಯದ ಕೊನೆಯ ಪೂರ್ಣವಿರಾಮ ಎಡ ತುದಿಗೆ ಬರಬೇಕಾದದ್ದು ಬಲ ತುದಿಗೆ, ಅಂದರೆ ವಾಕ್ಯದ ತಲೆಯ ಮೇಲೆ ಕೂರುತ್ತದೆ. ಅದನ್ನು ನೋಡಿ ಪೂರ್ಣವಿರಾಮವನ್ನು ಅಳಿಸಿ ವಾಕ್ಯದ ಮೊದಲಿಗೆ ಟೈಪ್ ಮಾಡುತ್ತಾರೆ. ಈಗ ಎಡಕ್ಕೆ ಕಂಡಿತು. ನಾಳೆ ಇನ್ಯಾರೋ ಪ್ಯಾರಾದ ದಿಕ್ಕನ್ನು ಸರಿಪಡಿಸಿದರೆ ಆ ಚುಕ್ಕೆ ನಿಜವಾಗಿಯೂ ವಾಕ್ಯದ ಮೊದಲಿಗೆ ಬರುತ್ತದೆ. ಇಂಥ ಫೈಲುಗಳನ್ನು ಶುದ್ಧ ಮಾಡುವುದು ಗೋಜಲಾದ ನೂಲು ಬಿಡಿಸಿದ ಹಾಗೆ. ಪಟ್ಟಿಯ ಸಂಖ್ಯೆ ಯಾವ ಬದಿಗೆ, ಮೊದಲ ಸಾಲಿನ ಒಳಸರಿತ ಎಲ್ಲಿಂದ, ಕೋಷ್ಟಕದ ಮೊದಲ ಕಂಬ ಯಾವುದು ಎಂಬುದಕ್ಕೂ ದಿಕ್ಕೇ ಆಧಾರ. ಕೋಷ್ಟಕಕ್ಕಂತೂ ತನ್ನದೇ ಬೇರೆ ದಿಕ್ಕಿನ ಆಯ್ಕೆಯಿದೆ, ಒಳಗಿನ ಪ್ಯಾರಾಗಳನ್ನೆಲ್ಲ ತಿರುಗಿಸಿದರೂ ಕಂಬಗಳು ತಿರುಗುವುದಿಲ್ಲ.

ತಂತ್ರಾಂಶ ಬರೆದವರಿಗೂ ಇಲ್ಲಿ ಗೊಂದಲವಿತ್ತು ಎಂಬುದಕ್ಕೆ ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ (.docx) ಫೈಲುಗಳೇ ಸಾಕ್ಷಿ. ಅದರ ಒಳಗೆ ಪ್ಯಾರಾದ ಅಂಚು ‘ಎಡ’ ಎಂದು ಬರೆದಿದ್ದು, ಪ್ಯಾರಾ ಬಲದಿಂದ ಎಡದ್ದಾಗಿದ್ದರೆ, ಮೈಕ್ರೋಸಾಫ್ಟ್ ವರ್ಡ್ ಅದನ್ನು ಬಲ ಅಂಚಿಗೆ ಕೂರಿಸುತ್ತದೆ. ಅಲ್ಲಿ ‘ಎಡ’ ಎಂದರೆ ‘ಶುರುವಾಗುವ ಬದಿ’ ಎಂದು ಅರ್ಥ! ಆ ಫೈಲನ್ನು ಓದುವ ಬೇರೆ ತಂತ್ರಾಂಶ ‘ಎಡ’ ಎಂದರೆ ಎಡ ಎಂದೇ ತಿಳಿದರೆ ಇಡೀ ದಾಖಲೆ ಆಚೆ ದಡಕ್ಕೆ ಹೋಗುತ್ತದೆ. ಈ ಮಾನದಂಡವನ್ನು ಮುಂದೆ ಪರಿಷ್ಕರಿಸಿದಾಗ ‘ಆರಂಭ’, ‘ಅಂತ್ಯ’ ಎಂಬ ಪದಗಳನ್ನು ತಂದರು. ಮೊದಲೇ ಹಾಗೆ ಇಟ್ಟಿದ್ದರೆ ಎಷ್ಟು ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತೋ.

ಫಾಂಟಿನ ವಿಷಯವೂ ಹೀಗೆಯೇ, ಮತ್ತು ಇದು ನಮಗೂ ತಟ್ಟಿದ್ದು. ಲಿಬ್ರೆಆಫೀಸಿನಲ್ಲಿ ಫಾಂಟ್ ಬದಲಿಸಿದರೆ ಕನ್ನಡ ಅಲುಗದೆ ಕೂತು ಇಂಗ್ಲಿಷ್ ಮಾತ್ರ ಬದಲಾಗುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬೇಕು. ಅರಬ್ಬಿ, ಹೀಬ್ರೂ, ಕನ್ನಡ, ಥಾಯ್ ಎಲ್ಲವನ್ನೂ ‘ಸಂಕೀರ್ಣ ಲಿಪಿ’ ಎಂಬ ಒಂದೇ ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಗೆ ಬೇರೆ ಫಾಂಟು, ಬೇರೆ ಗಾತ್ರ, ಬೇರೆ ದಪ್ಪ ಇಟ್ಟಿದ್ದಾರೆ. ವರ್ಡ್‌ನ ಫೈಲಿನಲ್ಲೂ ಇದೇ ಏರ್ಪಾಡು. ಎರಡು ಲಿಪಿ ಬೆರೆತ ಸಾಲಿನಲ್ಲಿ ಅರಬ್ಬಿಯನ್ನು ಸ್ವಲ್ಪ ದೊಡ್ಡದಾಗಿ ಇಡಬೇಕಾಗುವುದರಿಂದ ಇದು ಒಳ್ಳೆಯದೇ. ಹಾಗೊಂದು ಪೆಟ್ಟಿಗೆಯಿದೆ ಎಂದು ಗೊತ್ತಿಲ್ಲದವರಿಗೆ ಮಾತ್ರ ದೆವ್ವದ ಕಾಟ.

ಕರ್ಸರ್ ಬಗ್ಗೆ ಎರಡೇ ಮಾತು. ಅರಬ್ಬಿಯೂ ಇಂಗ್ಲಿಷೂ ಕೂಡುವ ಗಡಿಯಲ್ಲಿ ಕರ್ಸರ್ ನಿಂತಾಗ ಅದಕ್ಕೆ ತೆರೆಯ ಮೇಲೆ ಎರಡು ಜಾಗಗಳಿರುತ್ತವೆ. ಮುಂದೆ ಇಂಗ್ಲಿಷ್ ಒತ್ತಿದರೆ ಒಂದು ಕಡೆ, ಅರಬ್ಬಿ ಒತ್ತಿದರೆ ಇನ್ನೊಂದು ಕಡೆ ಅಕ್ಷರ ಮೂಡುತ್ತದೆ. ಮೌಸ್ ಎಳೆದು ಆಯ್ಕೆ ಮಾಡಿದರೆ ನೀಲಿ ಪಟ್ಟೆ ಎರಡು ತುಂಡಾಗಿ ನಡುವೆ ಬಿಳಿ ಉಳಿಯುತ್ತದೆ. ಮೊದಲ ಸಲ ನೋಡಿದವರು ತಂತ್ರಾಂಶ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ. ಓದುವ ಕ್ರಮದಲ್ಲಿ ಒಂದಾಗಿರುವುದು ಕಾಣುವ ಕ್ರಮದಲ್ಲಿ ಎರಡಾಗಿದೆ.

ಉರ್ದುವಿನ ಮಾತಿಲ್ಲದೆ ಮುಗಿಸಿದರೆ ಅನ್ಯಾಯ. ಅದು ನಸ್ತಾಲೀಕ್ ಶೈಲಿಯಲ್ಲಿ ಬರೆಯುವ ಭಾಷೆ. ಅಲ್ಲಿ ಪದ ಬಲದ ಮೇಲಿಂದ ಎಡದ ಕೆಳಕ್ಕೆ ಇಳಿಜಾರಾಗಿ ಜಾರುತ್ತದೆ, ಮುಂದಿನ ಅಕ್ಷರ ಏನೆಂಬುದರ ಮೇಲೆ ಈ ಅಕ್ಷರದ ಎತ್ತರ ನಿಂತಿದೆ. ಹಾಗಾಗಿ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ, ಅಂದರೆ ಲಿಪಿಕಾರರ, ಕೈಬರಹದಿಂದಲೇ ಅಚ್ಚಾದವು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಮಾನೊಟೈಪ್ ಸಂಸ್ಥೆಯ ಜೊತೆಗೂಡಿ ನೂರಿ ನಸ್ತಾಲೀಕ್ ತಂದರು. ಅಕ್ಷರ ಜೋಡಿಸುವ ಗೊಡವೆಯೇ ಬೇಡವೆಂದು ಸಾವಿರಾರು ಕೂಡುರೂಪಗಳನ್ನು ಇಡಿಯಾಗಿಯೇ ಬರೆದಿಟ್ಟ ಸಾಹಸ ಅದು. ಮುಂದೆ ಇನ್‌ಪೇಜ್ ತಂತ್ರಾಂಶ ಅದನ್ನು ಸಾಮಾನ್ಯ ಕಂಪ್ಯೂಟರಿಗೆ ತಲುಪಿಸಿತು. ಇಂದಿಗೂ ನಸ್ತಾಲೀಕ್ ಫಾಂಟ್ ಹಾಕಿದರೆ ಕೆಲವು ವರ್ಡ್ ಪ್ರೊಸೆಸರುಗಳಲ್ಲಿ ಸಾಲಿನ ಎತ್ತರ ಸಾಲದೆ ಮೇಲಿನ ಚುಕ್ಕೆಗಳು ಕತ್ತರಿಸಿಹೋಗುತ್ತವೆ.

ಸಭೆಯಿಂದ ಬಂದ ಒಂದು ಪ್ರಶ್ನೆ: ಕಣ್ಣಿಗೆ ಸರಿಯಾಗಿಯೇ ಕಾಣುವ ಪದ ಹುಡುಕಿದಾಗ ಏಕೆ ಸಿಗುವುದಿಲ್ಲ? ಕಶೀದಾ ಒಂದು ಕಾರಣ, ಆಗಲೇ ಹೇಳಿದೆ. ಇನ್ನೊಂದು ಕಾರಣ ಕೀಲಿಮಣೆ. ಅರಬ್ಬಿಯ ‘ಯಾ’ ಬೇರೆ, ಪಾರಸಿಯ ‘ಯೇ’ ಬೇರೆ. ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಸಂಕೇತಗಳು. ಪದದ ಮೊದಲಲ್ಲೂ ನಡುವೆಯೂ ಎರಡೂ ಒಂದೇ ಥರ ಕಾಣುತ್ತವೆ. ‘ಕಾಫ್’ಗೂ ಹೀಗೆ ಎರಡು ಸಂಕೇತಗಳಿವೆ. ಅರಬ್ಬಿ ಕೀಲಿಮಣೆಯಲ್ಲಿ ಪಾರಸಿ ಟೈಪ್ ಮಾಡಿದ ಫೈಲು ಕಣ್ಣಿಗೆ ಚೆನ್ನಾಗಿರುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ, ಅಕಾರಾದಿಯಲ್ಲಿ ತಪ್ಪು ಜಾಗಕ್ಕೆ ಹೋಗುತ್ತದೆ. ಮೂರನೆಯದು ಪಿಡಿಎಫ್. ಪಿಡಿಎಫ್ ಮಾಡುವಾಗ ಎಷ್ಟೋ ತಂತ್ರಾಂಶಗಳು ಆಕಾರಗಳನ್ನು ಕಾಣುವ ಕ್ರಮದಲ್ಲೇ ಬರೆದಿಡುತ್ತವೆ, ಅದರಿಂದ ಕಾಪಿ ಮಾಡಿದರೆ ಅಕ್ಷರಗಳು ತಿರುಗಿ ಬರುತ್ತವೆ. ಯಾರಾದರೂ ನಿಮಗೆ ಅರಬ್ಬಿಯ ಪಿಡಿಎಫ್ ಕೊಟ್ಟು ‘ಇದನ್ನೇ ಕಾಪಿ ಮಾಡಿಕೊಳ್ಳಿ’ ಎಂದರೆ ಮೂಲ ಫೈಲನ್ನೇ ಕೇಳಿ. ಅದು ಸಿಗದಿದ್ದರೆ ಮತ್ತೆ ಟೈಪ್ ಮಾಡಿಸಿ, ತಿರುಗಿಸಲು ಮಾತ್ರ ಹೋಗಬೇಡಿ.